ಕೆಂಪು ಮದ್ದು, ಹೃದಯ ಮತ್ತು ದುಬೈಯಿಂದ ಬಂದ ಬಾಟಲಿ

ಕಾರ್ಕಳ ಕಡೆಯ ಆ ಅಮ್ಮ ನನ್ನ ಮೇಜಿನ ಮೇಲೆ ಮೊದಲು ಇಟ್ಟದ್ದು ಫೈಲನ್ನಲ್ಲ, ಒಂದು ಬಾಟಲಿಯನ್ನು. ದುಬೈಯಲ್ಲಿರುವ ಮಗ ಕಳಿಸಿದ್ದು. ಚೀಟಿಯಲ್ಲಿ ವಿಟಮಿನ್ ಇ, ಬೀಟಾ ಕೆರೋಟಿನ್, ಸೆಲೆನಿಯಂ, ಗ್ರೀನ್ ಟೀ ಸಾರ ಅಂತ ಹತ್ತು ಹನ್ನೆರಡು ಹೆಸರು. ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋ ಶುರು ಮಾಡುವ ಮೊದಲು ಹೃದಯ ಹೇಗಿದೆ ನೋಡಲು ಅವರನ್ನು ಎಕೋಗೆ ಕಳಿಸಿದ್ದರು. (ಊರು, ವಿವರ ಸ್ವಲ್ಪ ಬದಲಿಸಿದ್ದೇನೆ.)

"ಕ್ಯಾನ್ಸರಿನ ಕೆಂಪು ಮದ್ದು ಹಾರ್ಟಿಗೆ ವಿಷ ಅಂತೆ ಡಾಕ್ಟ್ರೇ. ಇದು ತಕ್ಕೊಂಡ್ರೆ ಎಂತದೂ ಆಗುದಿಲ್ಲ ಅಂತ ಮಗ ಹೇಳಿದ. ತಕ್ಕೊಳ್ಬಹುದಲ್ಲ?"

ಪಕ್ಕದಲ್ಲಿ ಕುಳಿತಿದ್ದ ಯಜಮಾನರು ಮೆಲ್ಲಗೆ ಸೇರಿಸಿದರು: "ನಾನೂ ದಿನಕ್ಕೊಂದು ತಕ್ಕೊಳ್ತಾ ಇದ್ದೇನೆ. ಬೀಡಿ ಸೇದುದು ಉಂಟಲ್ಲ, ಅದಕ್ಕೆ."

ಮಗ ಹೇಳಿದ್ದರಲ್ಲಿ ಅರ್ಧ ಸರಿ. ಕೆಂಪು ಮದ್ದಿನ ಹೆಸರು ಡಾಕ್ಸೋರುಬಿಸಿನ್. ಇಟಲಿಯ ಹಳೆಯ ಕೋಟೆಯೊಂದರ ಬಳಿಯ ಮಣ್ಣಿನಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾದ ಸಂತತಿಯಿಂದ ಬಂದದ್ದು. ಅಲ್ಲಿನ ಏಡ್ರಿಯಾಟಿಕ್ ಸಮುದ್ರದ ನೆನಪಿಗೆ ಏಡ್ರಿಯಾಮೈಸಿನ್ ಅಂತಲೂ ಕರೆದರು. ಡ್ರಿಪ್ಪಿನಲ್ಲಿ ಥೇಟ್ ಪುನರ್ಪುಳಿ ಶರಬತ್ತಿನ ಬಣ್ಣ. ಮರುದಿನ ಮೂತ್ರವೂ ಕೆಂಪಾಗಿ ಕೆಲವರು ಗಾಬರಿಯಾಗುವುದುಂಟು. ಎದೆಯ ಕ್ಯಾನ್ಸರ್, ರಕ್ತದ ಕ್ಯಾನ್ಸರ್, ಮಕ್ಕಳ ಕೆಲವು ಗಡ್ಡೆಗಳು, ಎಲ್ಲಕ್ಕೂ ಬೇಕಾದ ಮದ್ದು ಅದು. ಆದರೆ ಹೃದಯಕ್ಕೆ ತಾಗುತ್ತದೆ.

ಹೇಗೆ ತಾಗುತ್ತದೆ ಅಂತ ಕೇಳಿದರೆ ನಾನು ಮಲ್ಪೆಯ ಉದಾಹರಣೆ ಕೊಡುತ್ತೇನೆ. ಕಡಲ ಕರೆಯ ಮನೆಯ ಗೇಟು ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿಯುವುದು ನಮಗೆ ಹೊಸತಲ್ಲ. ಮೈಯೊಳಗೂ ಅದೇ ಜಾತಿಯ ಕೆಲಸ ನಡೆಯುತ್ತದೆ. ಡಾಕ್ಸೋರುಬಿಸಿನ್ ಜೀವಕೋಶದೊಳಗೆ ಒಂದು ಎಲೆಕ್ಟ್ರಾನ್ ಕಸಿದುಕೊಂಡು ಆಕ್ಸಿಜನ್ನಿಗೆ ದಾಟಿಸುತ್ತದೆ, ಮತ್ತೆ ಹೋಗಿ ಇನ್ನೊಂದು ಕಸಿಯುತ್ತದೆ. ಹೀಗೆ ಎಲೆಕ್ಟ್ರಾನ್ ಸಿಕ್ಕಿದ ಆಕ್ಸಿಜನ್ನು ಸೂಪರಾಕ್ಸೈಡ್ ಆಗಿ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಆಗಿ, ಅಲ್ಲಿ ಕಬ್ಬಿಣದ ಅಂಶ ಸಿಕ್ಕಿತೋ, ಕಂಡದ್ದನ್ನೆಲ್ಲ ಕಚ್ಚುವ ಹೈಡ್ರಾಕ್ಸಿಲ್ ಕಣವಾಗುತ್ತದೆ. ಫ್ರೀ ರ‍್ಯಾಡಿಕಲ್ ಅಂತ ಜಾಹೀರಾತಿನಲ್ಲಿ ಕೇಳಿರುತ್ತೀರಲ್ಲ, ಆ ಕುಟುಂಬದ ಅತಿ ಪುಂಡ ಇದೇ.

ಹೃದಯವೇ ಯಾಕೆ? ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುವ ಸ್ನಾಯು ಅದು. ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳೇ ಅದರ ಕೋಶದ ಮೂರನೇ ಒಂದು ಭಾಗ ತುಂಬಿರುತ್ತವೆ. ಮದ್ದು ಹೋಗಿ ಅಂಟಿಕೊಳ್ಳುವುದು ಅವುಗಳ ಒಳಪೊರೆಗೆ. ಮೇಲಿಂದ, ಪೆರಾಕ್ಸೈಡನ್ನು ನೀರು ಮಾಡಿ ಬಿಡುವ ಕ್ಯಾಟಲೇಸ್ ಎಂಬ ಕಿಣ್ವ ಲಿವರಿನಲ್ಲಿ ಧಾರಾಳ, ಹೃದಯದಲ್ಲಿ ಬಹಳ ಕಮ್ಮಿ. ಲಿವರು ಸತ್ತ ಕೋಶದ ಜಾಗಕ್ಕೆ ಹೊಸತು ಬೆಳೆಸಿಕೊಳ್ಳುತ್ತದೆ; ಹೃದಯಕ್ಕೆ ಆ ಭಾಗ್ಯ ಇಲ್ಲವೆನ್ನುವಷ್ಟು ಕಮ್ಮಿ.

ಇನ್ನು ಆಂಟಿಆಕ್ಸಿಡೆಂಟ್, ಅಂದರೆ ಆ ಬಾಟಲಿಯಲ್ಲಿದ್ದ ಜಾತಿಯ ಪದಾರ್ಥಗಳು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ ಇರುವಾಗ ಬೋಟುಗಳನ್ನು ಮೇಲೆಳೆದು ರಿಪೇರಿ ಮಾಡುವುದನ್ನು ನೋಡಿದ್ದೀರಾದರೆ, ಕಬ್ಬಿಣದ ಬೋಟಿನ ಅಡಿಯಲ್ಲಿ ಸತುವಿನ ತುಂಡುಗಳನ್ನು ಕೂರಿಸಿರುವುದು ಕಂಡಿರಬಹುದು. ಉಪ್ಪುನೀರು ಬೋಟಿನ ಬದಲು ಆ ಸತುವನ್ನು ತಿನ್ನುತ್ತದೆ. ಸತು ಸವೆಯುತ್ತದೆ, ಬೋಟು ಉಳಿಯುತ್ತದೆ. ಆಂಟಿಆಕ್ಸಿಡೆಂಟ್ ಮಾಡುವುದೂ ಅಷ್ಟೇ: ತನ್ನ ಎಲೆಕ್ಟ್ರಾನು ಕೊಟ್ಟು ತಾನು ಸವೆಯುತ್ತದೆ. ಆದರೆ ಸತುವನ್ನು ಕೂರಿಸಬೇಕಾದದ್ದು ನೀರಲ್ಲಿ ಮುಳುಗುವ ಅಡಿಗೆ, ಕಬ್ಬಿಣಕ್ಕೆ ತಾಗಿಸಿ. ಡೆಕ್ಕಿನ ಮೇಲೆ ಹತ್ತು ಕಿಲೋ ಸತು ಪೇರಿಸಿಟ್ಟರೂ ಅಡಿ ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ. ಮಾತ್ರೆಯ ಕತೆ ಹೆಚ್ಚುಕಮ್ಮಿ ಹೀಗೆಯೇ. ನುಂಗಿದ್ದು ರಕ್ತದಲ್ಲಿ ತೇಲುತ್ತಿರುತ್ತದೆ, ಬೆಂಕಿ ಇರುವುದು ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ.

ಇಲ್ಲೊಂದು ತಪ್ಪೊಪ್ಪಿಗೆ. ಎಂಬಿಬಿಎಸ್ ಓದುವಾಗ ಎರಡು ತಿಂಗಳ ಪ್ರಾಜೆಕ್ಟಿಗೆ ನಾನೂ ಇಲಿಗಳ ಹಿಂದೆ ಬಿದ್ದಿದ್ದೆ. ಹದಿನಾಲ್ಕು ದಿನ ಸೊಪ್ಪಿನ ಸಾರ ಕುಡಿಸುವುದು, ಆಮೇಲೆ ಹೃದಯ ಕೆಡಿಸುವ ರಾಸಾಯನಿಕ ಚುಚ್ಚುವುದು, ಮತ್ತೆ ರಕ್ತ ಪರೀಕ್ಷೆ. ಸಾರ ಕುಡಿದ ಇಲಿಗಳ ಹೃದಯ ಚೆನ್ನಾಗಿಯೇ ಇತ್ತು. "ಮನುಷ್ಯರಿಗೂ ಉಪಯೋಗವಾದೀತು" ಅಂತ ಕೊನೆಗೆ ಬರೆದು ಸಲ್ಲಿಸಿದೆ. ಅರಿಶಿನ, ನೆಲ್ಲಿಕಾಯಿ, ತಿಮರೆ (ಒಂದೆಲಗ), ಯಾವುದನ್ನು ಕೊಟ್ಟು ಮಾಡಿದರೂ ಇಂಥ ಪ್ರಯೋಗದಲ್ಲಿ ಇಲಿ ಗೆಲ್ಲುವುದೇ ಹೆಚ್ಚು. ಆದರೆ ಆ ಇಲಿಗೆ ವಿಷ ಬೀಳುವ ಎರಡು ವಾರ ಮೊದಲೇ ಮದ್ದು ಸಿಕ್ಕಿತ್ತು, ಅದೂ ಅದರ ತೂಕಕ್ಕೆ ಹೋಲಿಸಿದರೆ ಸೇರುಗಟ್ಟಲೆ. ಮುಖ್ಯವಾಗಿ, ಅದಕ್ಕೆ ಕ್ಯಾನ್ಸರ್ ಇರಲಿಲ್ಲ. ನನ್ನೆದುರು ಕುಳಿತ ಅಮ್ಮನಿಗಿದೆ. ಗಡ್ಡೆಯ ಕೋಶವನ್ನು ಕೊಲ್ಲುವಲ್ಲಿ ಕೆಂಪು ಮದ್ದಿಗೆ ಈ ಪುಂಡ ಕಣಗಳೂ ಸ್ವಲ್ಪ ನೆರವಾಗುತ್ತವೆ ಅನ್ನುವ ಅನುಮಾನ ಹಳೆಯದು. ಹೃದಯವನ್ನು ಕಾಯಲು ನುಂಗಿದ್ದು ಗಡ್ಡೆಯನ್ನೂ ಕಾದರೆ? ಅಮೆರಿಕದಲ್ಲಿ ಎದೆಯ ಕ್ಯಾನ್ಸರಿನ ರೋಗಿಗಳನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೀಮೋಗೆ ಮೊದಲೂ ಕೀಮೋ ನಡೆಯುವಾಗಲೂ ಇಂಥ ಮಾತ್ರೆ ನುಂಗಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಿರುವಂತೆ ಕಂಡಿತು. ಖಚಿತ ಪುರಾವೆ ಅನ್ನುವಷ್ಟು ಗಟ್ಟಿಯಲ್ಲ. ಆದರೂ ನನ್ನ ಕೈ ತಡೆಯಲು ಅಷ್ಟು ಸಾಕು.

ಹಾಗಂತ ಆಂಟಿಆಕ್ಸಿಡೆಂಟ್ ಎಲ್ಲ ಬೂಟಾಟಿಕೆ ಅಂತ ನಾನು ಹೇಳುತ್ತಿಲ್ಲ. ಜ್ವರಕ್ಕೆ ಅಂತ ಪ್ಯಾರಸಿಟಮಾಲ್ ಲೆಕ್ಕ ತಪ್ಪಿ ಮಿತಿ ಮೀರಿ ನುಂಗಿದವರನ್ನು ಬದುಕಿಸುವುದು ಎನ್-ಅಸಿಟೈಲ್ ಸಿಸ್ಟೀನ್. ಲಿವರಿನಲ್ಲಿ ಖಾಲಿಯಾದ ಗ್ಲುಟಥಯೋನನ್ನು, ಅಂದರೆ ಮೈಯೇ ತಯಾರಿಸಿಕೊಳ್ಳುವ ಆಂಟಿಆಕ್ಸಿಡೆಂಟನ್ನು, ಅದು ಮತ್ತೆ ತುಂಬಿಸುತ್ತದೆ. ಅಲ್ಲಿ ವಿಷ ಯಾವುದೆಂದು ಗೊತ್ತು, ಯಾವುದು ಖಾಲಿಯಾಗಿದೆಯೆಂದು ಗೊತ್ತು, 8 ಗಂಟೆಯೊಳಗೆ ಕೊಟ್ಟರೆ ಉತ್ತಮ ಅಂತ ಹೊತ್ತೂ ಗೊತ್ತು. ಅದೇ ಮದ್ದನ್ನು ಡಾಕ್ಸೋರುಬಿಸಿನ್ ಜೊತೆ ಕೊಟ್ಟು ನೋಡಿದರು, ವಿಟಮಿನ್ ಇ ಕೊಟ್ಟೂ ನೋಡಿದರು. ಮನುಷ್ಯರ ಹೃದಯ ಉಳಿಯಲಿಲ್ಲ.

ಉಳಿಸಿದ್ದು ಡೆಕ್ಸ್‌ರಜೋಕ್ಸೇನ್ ಎಂಬ ಇನ್ನೊಂದು ಮದ್ದು. ಅದು ಕಬ್ಬಿಣವನ್ನು ಹಿಡಿದು ಕಟ್ಟಿಹಾಕುತ್ತದೆ, ಕಬ್ಬಿಣವಿಲ್ಲದಿದ್ದರೆ ಪುಂಡ ಹುಟ್ಟುವುದಿಲ್ಲ ಅಂತ ನಾವೆಲ್ಲ ಓದಿದ್ದೆವು. 2012ರಲ್ಲಿ ಬಂದ ಇಲಿ ಪ್ರಯೋಗವೊಂದು ಆ ಪಾಠವನ್ನು ಅಲುಗಾಡಿಸಿತು: ಹೃದಯದ ಕೋಶಗಳಲ್ಲಿ ಟೋಪೋಐಸೋಮರೇಸ್ 2 ಬೀಟಾ ಎಂಬ ಕಿಣ್ವವೇ ಇಲ್ಲದಂತೆ ಮಾಡಿದರೆ ಕೆಂಪು ಮದ್ದು ಹೃದಯಕ್ಕೆ ತಾಗುವುದು ಬಹುಪಾಲು ನಿಂತೇಹೋಗುತ್ತದೆ. ಡೆಕ್ಸ್‌ರಜೋಕ್ಸೇನ್ ಆ ಕಿಣ್ವದ ಮೇಲೂ ಕೆಲಸ ಮಾಡುತ್ತದೆ. ಅಂದರೆ ತುಕ್ಕು ಇಡೀ ಕತೆಯಲ್ಲ. ಬರೀ ತುಕ್ಕು ಉಜ್ಜಿದವರು ಸೋತದ್ದರಲ್ಲಿ ಆಶ್ಚರ್ಯವಿಲ್ಲ. ಈ ಮದ್ದು ಎಲ್ಲರಿಗೂ ಬೇಡ. ಡಾಕ್ಸೋರುಬಿಸಿನ್ ಮೊತ್ತ ದೊಡ್ಡದಾಗುವವರಿಗೆ ಮಾತ್ರ.

ಮೊತ್ತ ಅನ್ನುವುದೇ ಇಲ್ಲಿ ಮುಖ್ಯ. ಮೈಯ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ. 2003ರ ವಿಶ್ಲೇಷಣೆಯೊಂದರ ಪ್ರಕಾರ ಒಟ್ಟು 400 ಮಿಲಿಗ್ರಾಂ ತಲುಪಿದಾಗ ಸುಮಾರು 5 ಶೇಕಡಾ ಜನರ ಹೃದಯ ಸೋಲುತ್ತದೆ, 550ಕ್ಕೆ 26 ಶೇಕಡಾ, 700ಕ್ಕೆ 48. ಅಮ್ಮನಿಗೆ ಬರೆದದ್ದು 60ರ ನಾಲ್ಕು ಡೋಸು, ಒಟ್ಟು 240. ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಬಿಪಿ ಹತೋಟಿಯಲ್ಲಿಡುವುದು, ಎಕೋ ತಪ್ಪಿಸದಿರುವುದು, ಏದುಸಿರು ಬಂದರೆ ಅಥವಾ ಕಾಲು ಊದಿದರೆ "ಕೀಮೋದ ಸುಸ್ತು" ಅಂತ ಮನೆಯಲ್ಲಿ ಕುಳಿತುಕೊಳ್ಳದಿರುವುದು, ನಾನು ಕೇಳಿಕೊಂಡದ್ದು ಇಷ್ಟೇ. ತೊಂದರೆ ಆಗುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ ಎಕೋದಲ್ಲಿ ಕಾಣುತ್ತದೆ, ಬೇಗ ಹಿಡಿದರೆ ಮಾಮೂಲಿ ಹಾರ್ಟಿನ ಮಾತ್ರೆಗಳಿಂದಲೇ ಎಷ್ಟೋ ಮಂದಿ ಚೇತರಿಸಿಕೊಳ್ಳುತ್ತಾರೆ.

ಇನ್ನು ಯಜಮಾನರು. ಅವರ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ. 29,133 ಫಿನ್ಲೆಂಡಿನ ಗಂಡಸರು, ಎಲ್ಲರೂ ಸಿಗರೇಟು ಸೇದುವವರು. ಬೀಟಾ ಕೆರೋಟಿನ್ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿಯಾದೀತು ಅಂತ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ 18 ಶೇಕಡಾ ಹೆಚ್ಚಾಗಿತ್ತು. ವಿಟಮಿನ್ ಇ ಕೂಡ ಹೃದಯಾಘಾತ ತಪ್ಪಿಸುವುದಿಲ್ಲ ಅಂತ 2000ದಲ್ಲಿ ದೊಡ್ಡ ಪ್ರಯೋಗವೊಂದು ತೋರಿಸಿತು; ಅದೇ ರೋಗಿಗಳನ್ನು ಮುಂದೆಯೂ ಗಮನಿಸಿದಾಗ, ನುಂಗಿದವರಲ್ಲಿ ಹೃದಯ ಸೋಲುವುದು ಸ್ವಲ್ಪ ಹೆಚ್ಚೇ ಇತ್ತು. "ಬೀಡಿ ಸೇದುವವರು ಈ ಬಾಟಲಿ ಮುಟ್ಟಲೇಬಾರದು" ಅಂದೆ. ಅವರು ಬೀಡಿಯನ್ನಲ್ಲ, ಬಾಟಲಿಯನ್ನು ನೋಡಿ ತಲೆ ಅಲ್ಲಾಡಿಸಿದರು.

"ಹಾಗಾದ್ರೆ ಪುನರ್ಪುಳಿ ಸಾರು ಮಾಡಬಹುದಾ ಡಾಕ್ಟ್ರೇ, ಅದೂ ಆಂಟಿ ಎಂತದೋ ಅಲ್ಲವಾ?" ಅಂತ ಅಮ್ಮ. ಧಾರಾಳ ಮಾಡಿ ಅಂದೆ. ಬಸಳೆ, ನುಗ್ಗೆ ಸೊಪ್ಪು, ನೆಲ್ಲಿಕಾಯಿ, ಊಟದಲ್ಲಿ ಬರುವುದಕ್ಕೆ ಯಾವ ತಕರಾರೂ ಇಲ್ಲ. ಅದನ್ನೇ ಹಿಂಡಿ, ಭಟ್ಟಿ ಇಳಿಸಿ, ಕ್ಯಾಪ್ಸೂಲಿಗೆ ತುಂಬಿದಾಗ ಕತೆ ಬೇರೆ. ಪುನರ್ಪುಳಿಯ ಹತ್ತಿರದ ನೆಂಟ ಉಪ್ಪಾಗೆ ತಲೆಮಾರುಗಳಿಂದ ಮೀನು ಸಾರಿಗೆ ಬೀಳುತ್ತಿದೆ, ಯಾರಿಗೂ ಏನೂ ಆಗಿಲ್ಲ. ತೂಕ ಇಳಿಸಲು ಅಂತ ಮಾರುವ ಅದರ ಸಾರದ ಮಾತ್ರೆ ನುಂಗಿ ಲಿವರು ಕೆಟ್ಟವರ ವರದಿಗಳಿವೆ. ಗ್ರೀನ್ ಟೀ ಸಾರದ್ದೂ ಅದೇ ಹಾಡು.

ನಾಲ್ಕೂ ಡೋಸು ಮುಗಿದು ಮೂರು ತಿಂಗಳಿಗೆ ಅವರು ಮತ್ತೆ ಬಂದರು. ಮೊದಲ ಎಕೋದಲ್ಲಿ ಪಂಪಿಂಗ್, ಅಂದರೆ ಹೃದಯ ಒಂದು ಬಡಿತಕ್ಕೆ ಹೊರದೂಡುವ ರಕ್ತದ ಪಾಲು, 62 ಶೇಕಡಾ ಇತ್ತು, ಈಗ 60. ಯಂತ್ರದ ಅಳತೆಯಲ್ಲೇ ಅಷ್ಟು ಹೆಚ್ಚುಕಮ್ಮಿ ಬರುತ್ತದೆ, ಹಾಗಾಗಿ ಅದನ್ನು ಇಳಿದದ್ದು ಅಂತ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ತಾರೀಕು ಬರೆದುಕೊಟ್ಟೆ. ಬಾಟಲಿ ಎಂತ ಮಾಡಿದಿರಿ ಅಂತ ಕೇಳಿದ್ದಕ್ಕೆ, ಅದು ಫ್ರಿಜ್ಜಿನ ಮೇಲೆಯೇ ಇದೆಯಂತೆ, ಮಗ ವಿಡಿಯೋ ಕಾಲ್ ಮಾಡಿದಾಗ ಕಾಣಬೇಕಲ್ಲ. ಬೀಡಿ ದಿನಕ್ಕೆ ಒಂದು ಕಟ್ಟಿದ್ದದ್ದು ಅರ್ಧಕ್ಕೆ ಇಳಿದಿದೆ ಅಂತ ಯಜಮಾನರು ಹೇಳಿದರು. ಇಲ್ಲ ಅಂತ ಅಮ್ಮ ಅವರ ಬೆನ್ನ ಹಿಂದಿನಿಂದ ಕೈಸನ್ನೆ ಮಾಡಿದರು.