ಬೆಕ್ಕಿನ ರೋಮ ಹೊಟ್ಟೆಗೆ ಹೋದ್ರೆ ದಮ್ಮು ಬರ್ತದಾ? ಪುನಃ ಅದೇ ಪ್ರಶ್ನೆ

ಪ್ರಶ್ನೆ: ನಮ್ಮದು ಬದಿಯಡ್ಕ ಕಡೆ, ನಾನು ಕಾಸರಗೋಡಿನಲ್ಲಿ ಡಿಗ್ರಿ ಮಾಡ್ತಾ ಇದ್ದೇನೆ. ಭಾನುವಾರ ಶೆಲ್ಟರಿಗೆ ಬಂದು ದತ್ತು ಕೊಡ್ಲಿಕ್ಕೆ ಇರುವ ಬೆಕ್ಕುಗಳನ್ನು ನೋಡಿಕೊಳ್ಬೇಕು ಅಂತ ಆಸೆ ಉಂಟು. ಆದ್ರೆ ಬೆಕ್ಕಿನ ರೋಮ ಹೊಟ್ಟೆಗೆ ಹೋದ್ರೆ ದಮ್ಮು ಬರ್ತದೆ ಹೇಳಿ ಅಜ್ಜಿ ಬಿಡುದಿಲ್ಲ. ಎಂತ ಮಾಡುದು?

ಉತ್ತರ: ಬನ್ನಿ ಮಾರಾಯ್ರೆ, ಧಾರಾಳ ಬನ್ನಿ. ಈ ರೋಮದ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ, ಫೋನಲ್ಲಿ ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ, ಕುಂಬಳೆ ಬಸ್ಸಲ್ಲಿ ನನ್ನ ಪ್ಯಾಂಟಿನ ಮೇಲಿನ ರೋಮ ನೋಡಿ ದೂರ ಸರಿದು ಕೂತವರಿಗೂ ಹೇಳಿದ್ದೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುದು.

ಮೊದಲು ಹೊಟ್ಟೆಯ ವಿಷಯ. ನುಂಗಿದ್ದು ಹೋಗುವ ದಾರಿ ಬೇರೆ, ಉಸಿರು ಹೋಗುವ ದಾರಿ ಬೇರೆ, ಇದು ಶಾಲೆಯಲ್ಲಿ ಎಲ್ಲರೂ ಕಲ್ತದ್ದೇ. ಅನ್ನದ ಜೊತೆ ಒಂದು ರೋಮ ಹೊಟ್ಟೆಗೆ ಹೋಯ್ತು ಅಂತಾದ್ರೆ ಅದು ಜೀರ್ಣ ಆಗುದಿಲ್ಲ, ಮರುದಿನವೋ ಅದರ ಮರುದಿನವೋ ಹೊರಗೆ ಹೋಗ್ತದೆ, ಶ್ವಾಸಕೋಶಕ್ಕೆ ಹತ್ತಿ ಕೂರ್ಲಿಕ್ಕೆ ಅದಕ್ಕೆ ಏಣಿ ಇಲ್ಲ. ಸಾರಿನಲ್ಲಿ ನಮ್ಮದೇ ತಲೆಕೂದಲು ಸಿಕ್ಕಿದ್ರೆ ಅಡಿಗೆ ಮಾಡಿದವರಿಗೆ ಎರಡು ಮಾತು ಹೇಳ್ತೇವೆ ಬಿಟ್ರೆ ದಮ್ಮಿನ ಮದ್ದು ಹುಡುಕಿಕೊಂಡು ಯಾರೂ ಓಡುದಿಲ್ಲ. ಲೋಕದಲ್ಲಿ ಬೆಕ್ಕಿನ ರೋಮ ಅತಿ ಹೆಚ್ಚು ನುಂಗುದು ಬೆಕ್ಕೇ, ದಿನವಿಡೀ ಮೈ ನೆಕ್ಕುದೇ ಅದರ ಕೆಲಸ, ಜಾಸ್ತಿ ಆದ್ರೆ ಉಂಡೆ ಮಾಡಿ ನಿಮ್ಮ ಚಾಪೆ ಮೇಲೆ ಕಕ್ಕಿ ಹೋಗ್ತದೆ.

ಇಷ್ಟು ಹೇಳಿದ ಕೂಡ್ಲೇ ಅಡ್ಡ ಪ್ರಶ್ನೆ ಬರ್ತದೆ, ಹಾಗಾದ್ರೆ ಬೆಕ್ಕು ಹತ್ತಿರ ಬಂದ್ರೆ ನಮ್ಮ ಭಾವನಿಗೆ ಸೀನು ಬರುದು ಯಾಕೆ ಅಂತ. ಅಲರ್ಜಿ ಸುಳ್ಳು ಅಂತ ನಾನೆಲ್ಲಿ ಹೇಳಿದೆ? ಅಲರ್ಜಿ ಉಂಟು, ಅದಕ್ಕೆ ಮುಖ್ಯ ಕಾರಣ ಫೆಲ್ ಡಿ 1 ಎಂಬ ಒಂದು ಪ್ರೋಟೀನ್. ಅದು ಬೆಕ್ಕಿನ ಎಂಜಲಲ್ಲಿ ಇರ್ತದೆ, ಚರ್ಮದ ಎಣ್ಣೆ ಗ್ರಂಥಿಯಲ್ಲೂ ಇರ್ತದೆ. ಬೆಕ್ಕು ಮೈ ನೆಕ್ಕಿದಾಗ ಎಂಜಲು ರೋಮಕ್ಕೂ ಚರ್ಮದ ಹೊಟ್ಟಿಗೂ ಮೆತ್ತಿಕೊಂಡು ಒಣಗಿ ಪುಡಿಯಾಗಿ ಗಾಳಿಯಲ್ಲಿ ಹಾರ್ತದೆ, ತುಂಬ ಹಗುರ ಆದ್ದರಿಂದ ಗಂಟೆಗಟ್ಲೆ ಕೋಣೆಯಲ್ಲೇ ತೇಲ್ತದೆ. ಅದನ್ನು ಉಸಿರಲ್ಲಿ ಎಳ್ಕೊಂಡಾಗ ಕೆಲವರಿಗೆ, ಎಲ್ಲರಿಗೂ ಅಲ್ಲ, ಮೂಗು ಸೋರ್ತದೆ, ಕಣ್ಣು ತುರಿಸ್ತದೆ, ಮೊದಲೇ ದಮ್ಮು ಇರುವವರಿಗೆ ಜೋರಾಗ್ತದೆ. ರೋಮ ಬರೀ ಗಾಡಿ, ಒಳಗೆ ಕೂತ ಪ್ರಯಾಣಿಕ ಬೇರೆ. ರೋಮವೇ ಇಲ್ಲದ ಜಾತಿಯ ಬೆಕ್ಕಿನಿಂದಲೂ ಅಲರ್ಜಿ ಆಗ್ತದೆ, ಬೆಕ್ಕೇ ಇಲ್ಲದ ಮನೆಗೆ ಈ ಪ್ರೋಟೀನ್ ಬೇರೆಯವರ ಬಟ್ಟೆಯಲ್ಲಿ ಕೂತು ಬರ್ತದೆ, ಬೆಕ್ಕನ್ನು ಮನೆಯಿಂದ ಹೊರಗೆ ಹಾಕಿದ ಮೇಲೂ ತಿಂಗಳುಗಟ್ಲೆ ಹಾಸಿಗೆ ಸೋಫಾದಲ್ಲಿ ಉಳೀತದೆ. ಬೀಜ ತೆಗೆಸದ ಗಂಡು ಬೆಕ್ಕಲ್ಲಿ ಇದು ಜಾಸ್ತಿ.

ಹಾಗಾಗಿ ಅಜ್ಜಿಯ ಹತ್ರ ಕೇಳ್ಬೇಕಾದ್ದು ಇಷ್ಟೇ: ನನಗೆ ಮೊದಲಿಂದ ದಮ್ಮು ಉಂಟಾ? ಬೆಕ್ಕು ಇರುವ ಮನೆಗೆ ಹೋದಾಗ ಸೀನು ಬಂದದ್ದು ಉಂಟಾ? ಉಂಟಾದ್ರೆ ಮೊದಲು ಡಾಕ್ಟರಿಗೆ ತೋರಿಸಿ, ಬೇಕಾದ್ರೆ ಅಲರ್ಜಿ ಟೆಸ್ಟ್ ಮಾಡಿಸ್ತಾರೆ. ಅಂಥವರು ಬೆಕ್ಕಿನ ಕೋಣೆಯೊಳಗೆ ಬರುದು ಬೇಡ, ಫೋಟೋ ತೆಗೆಯುದು, ದತ್ತು ಕೇಳಿದವರಿಗೆ ಫೋನ್ ಮಾಡುದು, ಅದಕ್ಕೂ ಜನ ಬೇಕು ನಮಗೆ. ಇಲ್ಲವಾದ್ರೆ ಆರಾಮಲ್ಲಿ ಬನ್ನಿ.

ಮತ್ತೆ ಒಂದು ಮಾತು. ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಗಳ ಒಳಗೆ ಒಮ್ಮೆ ಕಣ್ಣಾಡಿಸಿ. ಗೋಡೆಯಲ್ಲಿ ಬೂಷ್ಟು, ಬಿಸಿಲು ಕಾಣದ ಹತ್ತಿಯ ಹಾಸಿಗೆ, ಅದರೊಳಗೆ ಕಣ್ಣಿಗೆ ಕಾಣದ ಧೂಳಿನ ಹುಳ, ಸಂಜೆ ಬಾಗಿಲು ಹಾಕಿ ಸೊಳ್ಳೆ ಕಾಯಿಲ್ ಬೇರೆ. ದಮ್ಮು ಎಬ್ಬಿಸ್ಲಿಕ್ಕೆ ಇದರಲ್ಲಿ ಒಂದೊಂದೂ ಸಾಕು. ಆದ್ರೆ ಕೆಮ್ಮು ಸುರು ಆದ ಕೂಡ್ಲೇ ಬೈಗಳು ಬೀಳುದು ಬಚ್ಚಲ ಒಲೆ ಹತ್ರ ಮಲಗಿದ ಬೆಕ್ಕಿಗೆ, ಪಾಪ. ದಮ್ಮು ಬೆಕ್ಕಿಗೂ ಬರ್ತದೆ, ಗೊತ್ತುಂಟಾ? ಅದು ಯಾರನ್ನು ಬೈಯ್ಬೇಕು?

ಅಜ್ಜಿಯ ಹತ್ರ ವಾದ ಮಾಡ್ಲಿಕ್ಕೆ ಹೋಗ್ಬೇಡಿ, ಗೆಲ್ಲುದಿಲ್ಲ. ಶೆಲ್ಟರಿಂದ ಬಂದವರು ಸೀದಾ ಬಚ್ಚಲಿಗೆ ಹೋಗಿ, ಹಾಕಿದ ಬಟ್ಟೆ ನೆನೆ ಹಾಕಿ ಸ್ನಾನ ಮಾಡಿಯೇ ಒಳಗೆ ಬನ್ನಿ. ಅಜ್ಜಿಗೂ ಸಮಾಧಾನ, ಆ ಪ್ರೋಟೀನೂ ಹೋಯ್ತು. ನಿಮ್ಮ ಮನೆಯಲ್ಲಿ ಬೆಕ್ಕು ಇದ್ರೆ ಇದು ಕಡ್ಡಾಯ, ಯಾಕಂದ್ರೆ ಮರಿಗಳನ್ನು ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ಬಟ್ಟೆ ಚಪ್ಪಲಿಯಲ್ಲಿ ಕೂತು ಹೋಗ್ತದೆ. ಇಲ್ಲಿಗೆ ಹೊಸ ಮರಿ ಬಂದ್ರೆ ಮೊದಲು ಬೇರೆ ಕೋಣೆಯಲ್ಲಿ ಇಡುದು ಅದಕ್ಕೇ, "ಒಮ್ಮೆ ಎತ್ತಿಕೊಳ್ತೇನೆ" ಅಂತ ಅಲ್ಲಿಗೆ ನುಗ್ಗಬೇಡಿ.

ನಿಜವಾಗಿ ಹೆದರ್ಬೇಕಾದ್ದು ಕಚ್ಚಿದ್ರೆ, ಪರಚಿದ್ರೆ. ರೇಬಿಸ್ ನಾಯಿಯಿಂದ ಮಾತ್ರ ಬರುದಲ್ಲ. ಸಣ್ಣ ಗೀರು ಬಿದ್ರೂ ಸಾಬೂನು ಹಾಕಿ 15 ನಿಮಿಷ ನಲ್ಲಿ ನೀರಿನ ಕೆಳಗೆ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗ್ಬೇಕು. ಅರಸಿನ, ಸುಣ್ಣ, ಕಾಫಿ ಪುಡಿ ಯಾವುದೂ ಬೇಡ. ವಾಲಂಟಿಯರ್ ಆಗಿ ತುಂಬ ದಿನ ಬರುವವರು ಡಾಕ್ಟರ ಹತ್ರ ಕೇಳಿ ಮುಂಗಡ ಲಸಿಕೆ ಹಾಕಿಸಿಕೊಂಡ್ರೆ ಒಳ್ಳೆದು. ಬಸುರಿಯರು ಬೆಕ್ಕನ್ನು ಮುಟ್ಟಬಹುದು, ಹೇಲಿನ ಟ್ರೇ ಮಾತ್ರ ಬೇರೆಯವರಿಗೆ ಬಿಡಿ. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡುವ ಟಾಕ್ಸೋಪ್ಲಾಸ್ಮಾ ಎಂಬ ರೋಗಾಣು ಅಲ್ಲಿಂದ ಬರುದು, ಸರಿ ಬೇಯದ ಮಾಂಸದಿಂದಲೂ ಬರ್ತದೆ.

ಇನ್ನು ಕೆಲಸ. ರೀಲ್ಸ್ ನೋಡಿ ಬಂದವರಿಗೆ ಸ್ವಲ್ಪ ಬೇಜಾರಾಗ್ತದೆ, ಅರ್ಧ ಹೊತ್ತು ಟ್ರೇ ತೊಳೆಯುದು, ನೆಲ ಒರೆಸುದು. ಉಳಿದ ಅರ್ಧ ಸುಮ್ಮನೆ ಕೂರುದು, ಅದೇ ಕಷ್ಟದ್ದು. ಈಗ ಒಂದು ಕಂದು ಪಟ್ಟೆಯ ಹೆಣ್ಣು ಬೆಕ್ಕು ಉಂಟು, ಮನೆ ಬದಲಿಸಿದವರು ಬಿಟ್ಟು ಹೋದದ್ದು, ರಟ್ಟಿನ ಪೆಟ್ಟಿಗೆಯ ಹಿಂದೆ ಕಿವಿ ಚಪ್ಪಟೆ ಮಾಡಿ ಕೂತದ್ದು ಎದ್ದೇ ಇಲ್ಲ. ಅದರ ಹತ್ರ ನೆಲದಲ್ಲಿ ಕೂತು ಸಣ್ಣ ಸ್ವರದಲ್ಲಿ ನಿಮ್ಮ ಪಾಠವೇ ಓದಿ, ಮುಖಕ್ಕೆ ಮುಖ ಕೊಟ್ಟು ದಿಟ್ಟಿಸಬೇಡಿ, ನೋಡಿದ್ರೆ ನಿಧಾನ ಕಣ್ಣು ಮುಚ್ಚಿ ತೆರೀರಿ. ಕಿವಿ ಮೇಲೆ ಬಂದು ಬೆರಳು ಮೂಸಿತು ಅಂತಾದ್ರೆ ಆ ದಿನದ ಕೆಲಸ ಆಯ್ತು. ಎಷ್ಟು ತಿಂದಿತು ಅಂತ ಪುಸ್ತಕದಲ್ಲಿ ಬರೀರಿ, ಬೆಕ್ಕು ಎರಡು ಮೂರು ದಿನ ಊಟ ಬಿಟ್ರೆ ಲಿವರ್ ಕೆಡ್ತದೆ. ನೋಡ್ಲಿಕ್ಕೆ ಬಂದವರು ಎದುರಿಗೆ ಬರುವ ಬೆಕ್ಕನ್ನೇ ಕೇಳುದು, ಅಡಗಿ ಕೂತದ್ದನ್ನು ಯಾರೂ ಕೇಳುದಿಲ್ಲ.

ನೀವು ಕೇಳದ್ದು ಒಂದುಂಟು, ಫಿನಾಯಿಲ್. ನೆಲ ಒರೆಸುದು ಅಂದ ಕೂಡ್ಲೇ ನಮ್ಮವರ ಕೈ ಅದಕ್ಕೇ ಹೋಗುದು, ಫಿನಾಯಿಲ್ ವಾಸನೆ ಬಂದ್ರೇ ಕ್ಲೀನ್ ಆದದ್ದು ಅಂತ ಲೆಕ್ಕ. ಫೀನಾಲ್ ಜಾತಿಯ ವಿಷ ಕಳೆಯುವ ಶಕ್ತಿ ಬೆಕ್ಕಿನ ಲಿವರಿಗೆ ತೀರ ಕಮ್ಮಿ. ಒದ್ದೆ ನೆಲದ ಮೇಲೆ ನಡೀತದೆ, ಕಾಲು ನೆಕ್ತದೆ, ಹಾಗೆ ಒಳಗೆ ಹೋಗ್ತದೆ. ಪ್ಯಾರಸಿಟಮಾಲಿನದ್ದೂ ಇದೇ ಕಥೆ, ನಾವು ಜ್ವರಕ್ಕೆ ನುಂಗುವ ಒಂದು ಮಾತ್ರೆ ಸಾಕು ಬೆಕ್ಕು ಸಾಯ್ಲಿಕ್ಕೆ. ಇಲ್ಲಿ ನಾವು ಸಾಬೂನಲ್ಲಿ ತೊಳೆದು, ಬ್ಲೀಚ್ ನೀರು ಹಾಕಿ 10 ನಿಮಿಷ ಬಿಟ್ಟು, ಪುನಃ ತೊಳೆದು ಒಣಗಿದ ಮೇಲೆಯೇ ಬೆಕ್ಕು ಬಿಡುದು. ಇಷ್ಟು ಹೇಳಿದ ಮೇಲೂ ಫಿನಾಯಿಲ್ ಬಾಟ್ಲಿ ದಾನ ತರುವವರು ಇದ್ದಾರೆ. ನೀವು ಬರುವಾಗ ಎಂತಾದ್ರೂ ತರುದಾದ್ರೆ ಹಳೆ ಬೈರಾಸು ತನ್ನಿ, ಟ್ರೇಗೆ ಹಾಸ್ಲಿಕ್ಕೆ ಹಳೆ ಪೇಪರ್ ತನ್ನಿ. ಕನ್ನಡದ್ದೇ ಆಗ್ಬೇಕು ಅಂತ ಇಲ್ಲ, ಮಲಯಾಳದ್ದಾದ್ರೂ ಬೆಕ್ಕಿಗೆ ಅಡ್ಡಿ ಇಲ್ಲ.