ಪೋಕರ್ ಅಂದರೆ ಯಾವ ಪೋಕರ್?

ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ಹೊಳೆ ಪಣಜಿ ಮುಟ್ಟುವಷ್ಟರಲ್ಲಿ ಮಾಂಡವಿ ಆಗಿರುತ್ತದೆ. ಸಂಜೆಯಾದರೆ ಅದರ ಮೇಲೆ ಕ್ಯಾಸಿನೊ ಹಡಗುಗಳು ಜಾತ್ರೆಯ ತೇರಿನಂತೆ ದೀಪ ಹೊತ್ತಿಸಿಕೊಂಡು ನಿಲ್ಲುತ್ತವೆ. ಶನಿವಾರ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ನಂಬರ್ ಪ್ಲೇಟಿನ ಕಾರುಗಳು ದಡದ ರಸ್ತೆಯಲ್ಲಿ ಜಾಗ ಹುಡುಕುತ್ತಿರುತ್ತವೆ. ಹೊಳೆಯಾಚೆ ಪರ್ವರಿಯಲ್ಲಿ ಮನೆ ಮಾಡಿಕೊಂಡಿರುವ ನನಗೆ ಇದರಿಂದ ಸಂಬಳವಿಲ್ಲದ ಕೆಲಸವೊಂದು ಗಂಟು ಬಿದ್ದಿದೆ. ಹಡಗು ಹತ್ತುವ ಮೊದಲು ನೆಂಟರು ನಮ್ಮಲ್ಲಿ ಊಟಕ್ಕೆ ಇಳಿಯುತ್ತಾರೆ. ಉಂಡು ಕೈ ತೊಳೆದ ಮೇಲೆ ಇಸ್ಪೀಟು ಎಲೆ ತೆಗೆದು ಪೋಕರ್ ಹೇಳಿಕೊಡು ಎನ್ನುತ್ತಾರೆ.

ತಮಾಷೆಯೆಂದರೆ ನಾನೇ ಆ ಹಡಗು ಹತ್ತುವಂತಿಲ್ಲ. 2020ರ ಫೆಬ್ರುವರಿ 1ರಿಂದ ಗೋವೆಯವರಿಗೆ ಕ್ಯಾಸಿನೊ ಪ್ರವೇಶ ಬಂದ್ ಆಗಿದೆ, ನನ್ನ ಗುರುತಿನ ಚೀಟಿಯಲ್ಲಿರುವುದು ಗೋವೆಯ ವಿಳಾಸ. ಹಾಗಾಗಿ ನಮ್ಮ ಆಟವೆಲ್ಲ ಮನೆಯಲ್ಲೇ, ದುಡ್ಡಿನ ಬದಲು ಸಿಪ್ಪೆ ಸುಲಿಯದ ಗೋಡಂಬಿ ಇಟ್ಟುಕೊಂಡು.

ಹೋದ ಸಲ ಬಂದವನು ಹುಬ್ಬಳ್ಳಿಯ ದೊಡ್ಡಪ್ಪನ ಮಗ. ಎಲೆ ಕಲಸುತ್ತಲೇ ಕೇಳಿದ: "ಏನ್ ತಮ್ಮಾ, ಇದೂ ನಮ್ಮ ಮೂರೆಲಿನ ಹೌದಲ್ಲೋ? ಎರಡ ಎಲಿ ಜಾಸ್ತಿ, ಅಷ್ಟ."

"ಅರ್ಧ ಖರೆ ಐತಿ ಅಣ್ಣಾ" ಅಂದೆ.

ನಮ್ಮ ಮೂರೆಲೆ, ಅಂದರೆ ತೀನ್ ಪತ್ತಿ, ಇಂಗ್ಲಿಷರ ಬ್ರ್ಯಾಗ್ ಎಂಬ ಆಟದ ಕೂಸು. ಪೋಕರ್‌ನ ಪೂರ್ವಿಕರನ್ನು ಹುಡುಕುವವರು ಫ್ರೆಂಚರ ಪೋಕ್, ಜರ್ಮನರ ಪೋಖನ್ ಎಂಬ ಆಟಗಳ ಜೊತೆ ಈ ಬ್ರ್ಯಾಗ್ ಹೆಸರನ್ನೂ ಹೇಳುತ್ತಾರೆ. ಆ ಲೆಕ್ಕದಲ್ಲಿ ಮೂರೆಲೆ, ಪೋಕರ್ ಎರಡೂ ದಾಯಾದಿಗಳು. ಆದರೆ ಅಣ್ಣನ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕಾದರೆ ಮೊದಲು ಯಾವ ಪೋಕರ್ ಎಂದು ತಿರುಗಿ ಕೇಳಬೇಕಾಗುತ್ತದೆ. ಅದು ಒಂದು ಆಟದ ಹೆಸರಲ್ಲ, ಒಂದು ಮನೆತನದ ಹೆಸರು. ಆ ಮನೆತನದ ಇನ್ನೂರು ವರ್ಷದ ಕಥೆಯನ್ನು ನಾನು ನೋಡುವುದು ಒಂದೇ ಕಿಂಡಿಯಿಂದ: ಎಷ್ಟು ಎಲೆ ಮುಚ್ಚಿವೆ, ಎಷ್ಟು ಎಲೆ ತೆರೆದಿವೆ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಸುತ್ತಮುತ್ತ ಆಡುತ್ತಿದ್ದ ಪೋಕರ್‌ನಲ್ಲಿ ಇದ್ದದ್ದು ಇಪ್ಪತ್ತೇ ಎಲೆ. ಎಕ್ಕ, ರಾಜ, ರಾಣಿ, ಗುಲಾಮ ಮತ್ತು ಹತ್ತು. ನಾಲ್ಕು ಜನ ಕೂತು ತಲೆಗೆ ಐದರಂತೆ ಹಂಚಿದರೆ ಕಟ್ಟು ಖಾಲಿ. ಎಲ್ಲ ಎಲೆಯೂ ಮುಚ್ಚಿಯೇ ಇರುತ್ತಿತ್ತು. ಬದಲಾಯಿಸುವಂತಿಲ್ಲ, ಇನ್ನೊಬ್ಬರದನ್ನು ನೋಡುವಂತಿಲ್ಲ, ಪಣ ಸರಿಗಟ್ಟಬೇಕು, ಏರಿಸಬೇಕು ಇಲ್ಲವೇ ಎಲೆ ಕೆಳಗಿಡಬೇಕು. ನಾಲ್ಕು ಎಕ್ಕ ಬಂದವನನ್ನು ಸೋಲಿಸುವವರಿಲ್ಲ. ನಾಲ್ಕು ರಾಜರ ಜೊತೆ ಒಂದು ಎಕ್ಕ ಬಂದವನನ್ನೂ ಸೋಲಿಸುವವರಿಲ್ಲ, ಯಾಕೆಂದರೆ ಉಳಿದಿರುವ ಎಕ್ಕ ಮೂರೇ. ಇದಕ್ಕೂ ನಮ್ಮ ಮೂರೆಲೆಗೂ ಸ್ವಭಾವದಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಧೈರ್ಯ, ನಟನೆ, ನಸೀಬು ಇಷ್ಟೇ ಬಂಡವಾಳ.

ಈ ಆಟವನ್ನು ಒಳನಾಡಿಗೆ ಹೊತ್ತುಕೊಂಡು ಹೋದದ್ದು ಮಿಸಿಸಿಪ್ಪಿ ನದಿಯ ಉಗಿಹಡಗುಗಳು. ಹೊಳೆಯ ಮೇಲೆ ಬೆಳೆದ ಆಟ ನಮ್ಮ ಗೋವೆಯಲ್ಲಿ ಮತ್ತೆ ಹೊಳೆಯ ಮೇಲೇ ಬಂದು ನಿಂತಿದೆ. ಅದರ ಕಾರಣ ಬೇರೆ, ಮುಂದೆ ಹೇಳುತ್ತೇನೆ.

ಆಟಗಾರರು ಹೆಚ್ಚಾದಂತೆ ಇಪ್ಪತ್ತು ಎಲೆ ಸಾಲದಾಗಿ 52 ಎಲೆಯ ಪೂರ್ತಿ ಕಟ್ಟು ಬಂತು. ಅದರ ಬೆನ್ನಿಗೇ ಫ್ಲಶ್ ಬಂತು, ಅಂದರೆ ಎಲ್ಲ ಐದೂ ಒಂದೇ ಚಿಹ್ನೆಯ ಎಲೆ. ಕಟ್ಟಿನಲ್ಲಿ ಎಲೆ ಉಳಿಯತೊಡಗಿದ್ದರಿಂದ 'ಡ್ರಾ' ಸಾಧ್ಯವಾಯಿತು. ಐದೆಲೆಯ ಡ್ರಾ ಪೋಕರ್‌ನಲ್ಲಿ ಮೊದಲು ಒಂದು ಸುತ್ತು ಪಣ ಕಟ್ಟಿ, ಬೇಡದ ಎಲೆ ಬಿಟ್ಟು ಹೊಸದನ್ನು ತೆಗೆದುಕೊಂಡು, ಇನ್ನೊಂದು ಸುತ್ತು ಪಣ ಕಟ್ಟುತ್ತಾರೆ. ಎಲೆಗಳು ಇನ್ನೂ ಮುಚ್ಚಿಯೇ ಇವೆ, ಆದರೂ ಒಂದು ಸುಳಿವು ಹೊರಬಿತ್ತು. ಎದುರಿನವನು ಮೂರು ಎಲೆ ಬದಲಾಯಿಸಿದರೆ ಅವನ ಕೈಯಲ್ಲಿ ಬಹುಶಃ ಒಂದು ಜೋಡಿ, ಅಂದರೆ ಒಂದೇ ಅಂಕಿಯ ಎರಡು ಎಲೆ, ಇದೆ. ಒಂದೇ ಎಲೆ ಬದಲಾಯಿಸಿದರೆ ಎರಡು ಜೋಡಿ ಇರಬಹುದು, ಇಲ್ಲವೇ ಫ್ಲಶ್‌ಗೆ ಒಂದು ಕಡಿಮೆ ಬಿದ್ದಿರಬಹುದು. ಒಂದನ್ನೂ ಮುಟ್ಟದಿದ್ದರೆ ಕೈ ತುಂಬಿದೆ, ಅಥವಾ ಆಸಾಮಿ ಭಾರೀ ನಾಟಕಗಾರ.

ಆಮೇಲೆ ಬಂದದ್ದು ಸ್ಟಡ್. ಇಲ್ಲಿ ಎಲೆ ನಿಜವಾಗಿಯೂ ಮೇಜಿನ ಮೇಲೆ ಅಂಗಾತ ಬಿತ್ತು. ಐದೆಲೆಯ ಸ್ಟಡ್‌ನಲ್ಲಿ ಒಂದು ಮುಚ್ಚಿ, ನಾಲ್ಕು ತೆರೆದು ಕೊಡುತ್ತಾರೆ. ಏಳೆಲೆಯ ಸ್ಟಡ್‌ನಲ್ಲಿ ಮೂರು ಮುಚ್ಚಿ, ನಾಲ್ಕು ತೆರೆದು. ಪಣ ಐದು ಸುತ್ತು. ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಂಡರಾಯಿತು. ಹೋದ ಶತಮಾನದಲ್ಲಿ ಬಹುಕಾಲ ಅಮೆರಿಕದ ಮೇಜುಗಳನ್ನು ಆಳಿದ್ದು ಇದೇ. ಆಡುವುದು ಸುಲಭವಲ್ಲ. ಯಾರೋ ಆಟ ಬಿಟ್ಟು ಎಲೆ ಮಗುಚಿದಾಗ ಅವನ ಮುಂದೆ ತೆರೆದಿದ್ದ ಎಲೆಗಳೂ ಕಣ್ಣಿಂದ ಮರೆಯಾಗುತ್ತವೆ, ಅವನ್ನು ನೆನಪಿಡದವನು ಸೋಲುತ್ತಾನೆ. ರಮ್ಮಿ ಚೆನ್ನಾಗಿ ಆಡುವ ನಮ್ಮ ಅತ್ತೆಯಂಥವರಿಗೆ ಹೇಳಿ ಮಾಡಿಸಿದ ಆಟ. ಈಗ ಆಡುವವರು ಕಡಿಮೆ.

ಈಗ ಪೋಕರ್ ಅಂದ ಕೂಡಲೇ ಜನ ಅಂದುಕೊಳ್ಳುವುದು ಟೆಕ್ಸಾಸ್ ಹೋಲ್ಡೆಮ್. ಇದರ ತವರು ಟೆಕ್ಸಾಸ್‌ನ ರಾಬ್ಸ್‌ಟೌನ್ ಎಂದು ಅಲ್ಲಿನ ಶಾಸನಸಭೆಯೇ 2007ರಲ್ಲಿ ಒಪ್ಪಿಕೊಂಡಿದೆ. ಲಾಸ್ ವೇಗಸ್‌ಗೆ ಬಂದದ್ದು 1960ರ ದಶಕದಲ್ಲಿ. ಇದರ ಹೊಸತನ ಒಂದೇ: ತೆರೆದ ಎಲೆ ಯಾರೊಬ್ಬರದೂ ಅಲ್ಲ, ಎಲ್ಲರದೂ. ಊರ ಬಾವಿ ಇದ್ದಂತೆ.

ಅಣ್ಣನಿಗೆ ಹೇಳಿಕೊಟ್ಟದ್ದು ಹೀಗೆ. ಎಲೆ ಹಂಚುವ ಮೊದಲೇ ಇಬ್ಬರು ಪಣ ಇಡಬೇಕು, ಒಬ್ಬ ಸಣ್ಣದು, ಪಕ್ಕದವನು ಅದರ ದುಪ್ಪಟ್ಟು. ಇದಕ್ಕೆ ಬ್ಲೈಂಡ್ ಎನ್ನುತ್ತಾರೆ. ಮೂರೆಲೆಯವರು ಎಡವುವುದು ಇಲ್ಲಿಯೇ. ನಮ್ಮಲ್ಲಿ ಬ್ಲೈಂಡ್ ಅಂದರೆ ಎಲೆ ನೋಡದೆ ಆಡುವ ಗಂಡೆದೆ, ಇಲ್ಲಿ ಅದು ಸರದಿಯಂತೆ ಬರುವ ಕಂದಾಯ. ಆಮೇಲೆ ತಲೆಗೆ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ. ಒಂದು ಸುತ್ತು ಪಣ. ಮೇಜಿನ ನಡುವೆ ಮೂರು ಎಲೆ ತೆರೆಯುತ್ತಾರೆ, ಅದು ಫ್ಲಾಪ್. ಮತ್ತೆ ಪಣ. ನಾಲ್ಕನೆಯ ಎಲೆ ಟರ್ನ್, ಮತ್ತೆ ಪಣ. ಐದನೆಯದು ರಿವರ್, ಕೊನೆಯ ಪಣ. ನಿಮ್ಮ ಎರಡು, ಮೇಜಿನ ಐದು, ಈ ಏಳರಲ್ಲಿ ಯಾವ ಐದು ಬೇಕಾದರೂ ನಿಮ್ಮವು. ಎರಡು ಎಲೆಯ ಜೊತೆಗಳು ಒಟ್ಟು 1,326, ಹಾಗಾಗಿ ಎದುರಾಳಿಯ ಕೈ ಊಹಿಸುವುದು ಕಷ್ಟ, ಆದರೆ ಅಸಾಧ್ಯವಲ್ಲ. ಈ ಹದವೇ ಹೋಲ್ಡೆಮ್‌ನ ಗುಟ್ಟು.

ನೋಡುವವರಿಗೂ ಇದರಲ್ಲಿ ಮಜಾ ಇದೆ ಎಂದು ಗೊತ್ತಾದದ್ದು ತಡವಾಗಿ. 1999ರಲ್ಲಿ ಬ್ರಿಟನ್ನಿನ ಟಿವಿ ಕಾರ್ಯಕ್ರಮವೊಂದು ಮೇಜಿಗೆ ಗಾಜು ಕೂರಿಸಿ, ಕೆಳಗಿನಿಂದ ಕ್ಯಾಮೆರಾ ಹಿಡಿದು, ಮುಚ್ಚಿದ ಎಲೆಯನ್ನು ಮನೆಯಲ್ಲಿ ಕೂತವರಿಗೆ ತೋರಿಸಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ಗುಮಾಸ್ತ ಆನ್‌ಲೈನ್ ಆಟದಿಂದ ಅರ್ಹತೆ ಗಳಿಸಿ, ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಯ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದ. ಆ ಹೆಸರು ಅವನು ಇಟ್ಟುಕೊಂಡದ್ದಲ್ಲ, ಮನೆತನದ್ದೇ. ಅಲ್ಲಿಂದ ಮುಂದೆ ಹೋಲ್ಡೆಮ್ ಪ್ರವಾಹದಂತೆ ಹರಿಯಿತು.

ಓಮಾಹಾ ಅದರ ತಮ್ಮ. ಕೈಗೆ ನಾಲ್ಕು ಎಲೆ, ಮೇಜಿನ ಮೇಲೆ ಅದೇ ಐದು. ಆದರೆ ಕೈಯಿಂದ ಎರಡೇ ಎರಡು, ಮೇಜಿನಿಂದ ಮೂರೇ ಮೂರು ಬಳಸಬೇಕು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಣ್ಣನ ಕೈಯಲ್ಲಿ ಇಸ್ಪೀಟಿನ ಎಕ್ಕ ಇತ್ತು, ಮೇಜಿನ ಮೇಲೆ ನಾಲ್ಕು ಇಸ್ಪೀಟು ಬಿದ್ದಿದ್ದವು. ಗೆದ್ದೆ ಎಂದು ಗೋಡಂಬಿಗೆ ಕೈ ಹಾಕಿದ. ಕೈಯಲ್ಲಿ ಇನ್ನೊಂದು ಇಸ್ಪೀಟು ಇರಲಿಲ್ಲ, ಹಾಗಾಗಿ ಫ್ಲಶ್ ಇಲ್ಲ. ಹೋಲ್ಡೆಮ್‌ನಿಂದ ಬಂದವರು ಓಮಾಹಾದಲ್ಲಿ ಕಳೆದುಕೊಳ್ಳುವ ಮೊದಲ ದುಡ್ಡು ಸಾಮಾನ್ಯವಾಗಿ ಇದೇ. ನಾಲ್ಕು ಎಲೆಯಿಂದ ಆರು ಜೊತೆ ಹುಟ್ಟುತ್ತವೆ, ಆದ್ದರಿಂದ ಎಲ್ಲರ ಕೈಯೂ ಬಲವಾಗಿರುತ್ತದೆ. ಹೋಲ್ಡೆಮ್‌ನಲ್ಲಿ ಮೆರೆಯುವ ಎರಡು ಜೋಡಿಗೆ ಇಲ್ಲಿ ಕವಡೆ ಕಿಮ್ಮತ್ತು.

ಕನಿಷ್ಠ ಕೈ ಗೆಲ್ಲುವ ರಾಝ್‌ನಂಥ ಆಟಗಳೂ ಇವೆ. ಮೂರೆಲೆಯಲ್ಲಿ ಮುಫ್ಲಿಸ್ ಆಡಿದವರಿಗೆ ಅದನ್ನು ವಿವರಿಸುವ ಅಗತ್ಯವಿಲ್ಲ.

ಅಣ್ಣ ಜಗಳಕ್ಕೆ ಬಿದ್ದದ್ದು ಬೇರೊಂದು ಕಡೆ. "ಕಲರ್‌ಕಿಂತ ಸೀಕ್ವೆನ್ಸ್ ದೊಡ್ಡದು. ಹುಟ್ಟಿದಾಗಿಂದ ಹಂಗ ಆಡೇವಿ." ಕಲರ್ ಅಂದರೆ ಮೇಲೆ ಹೇಳಿದ ಫ್ಲಶ್, ಸೀಕ್ವೆನ್ಸ್ ಅಂದರೆ ಒಂದರ ಹಿಂದೊಂದು ಸಾಲಾಗಿ ಬಂದ ಎಲೆಗಳು. ಮೂರೆಲೆಯಲ್ಲಿ ಅವನ ಮಾತು ಸರಿ. ಮೂರು ಎಲೆಯ 22,100 ಕೈಗಳಲ್ಲಿ ಸೀಕ್ವೆನ್ಸ್ 720, ಬರೀ ಕಲರ್ 1,096. ಅಪರೂಪವಾದದ್ದಕ್ಕೆ ಬೆಲೆ ಹೆಚ್ಚು. ಐದು ಎಲೆಗೆ ಬಂದರೆ ತಕ್ಕಡಿ ಮಗುಚುತ್ತದೆ. ಒಟ್ಟು 25,98,960 ಕೈಗಳಲ್ಲಿ ಸೀಕ್ವೆನ್ಸ್ 10,200, ಕಲರ್ 5,108. ಆದ್ದರಿಂದ ಪೋಕರ್‌ನಲ್ಲಿ ಕಲರ್ ಮೇಲು. ಎರಡರಿಂದ ಐದರವರೆಗಿನ ಎಲೆ ತೆಗೆದು 36 ಎಲೆಯಲ್ಲಿ ಆಡುವ ಶಾರ್ಟ್ ಡೆಕ್‌ನಲ್ಲಿ ಕಲರ್ ಇನ್ನೂ ಅಪರೂಪವಾಗಿ ಫುಲ್ ಹೌಸನ್ನೂ (ಒಂದೇ ಅಂಕಿಯ ಮೂರು, ಇನ್ನೊಂದರ ಎರಡು) ಮೀರಿಸುತ್ತದೆ. ಲೆಕ್ಕ ತಪ್ಪಿರುವುದು ನಮ್ಮ ಮೂರೆಲೆಯಲ್ಲೇ: ಟ್ರಯಲ್, ಅಂದರೆ ಮೂರೂ ಒಂದೇ ಅಂಕಿ, 52 ಬಗೆಯಲ್ಲಿ ಬರುತ್ತದೆ, ಪ್ಯೂರ್ ಸೀಕ್ವೆನ್ಸ್, ಅಂದರೆ ಒಂದೇ ಚಿಹ್ನೆಯ ಸಾಲು, 48 ಬಗೆಯಲ್ಲಿ. ಆದರೂ ಟ್ರಯಲ್ಲೇ ದೊಡ್ಡದು. ಮೂರು ಎಕ್ಕ ಹಿಡಿದವನಿಗೆ ಗಣಿತ ಹೇಳಲು ಯಾರಿಗೂ ಧೈರ್ಯವಾಗಿರಲಿಕ್ಕಿಲ್ಲ.

ಇನ್ನು ಕಾನೂನು. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಬಹುಮಟ್ಟಿಗೆ ಕೌಶಲದ ಆಟವೆಂದಿತು, ಫ್ಲಶ್, ಬ್ರ್ಯಾಗ್ ಎಂದೆಲ್ಲ ಕರೆಯುವ ಮೂರೆಲೆಯನ್ನು ಬರೀ ಅದೃಷ್ಟದ ಆಟವೆಂದಿತು. ಪೋಕರ್ ಎರಡರ ನಡುವೆ ತ್ರಿಶಂಕು. ಪಶ್ಚಿಮ ಬಂಗಾಳದ 1957ರ ಕಾಯ್ದೆ ಪೋಕರ್ ಅನ್ನು ಹೆಸರು ಹಿಡಿದು ಜೂಜಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಲೈಸೆನ್ಸ್ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಜೂಜೆಂದೇ ತೀರ್ಮಾನಿಸಿತು. ನನಗೆ ಅನ್ನಿಸುವುದು, ಯಾವ ಪೋಕರ್ ಎಂಬ ಪ್ರಶ್ನೆಯೇ ಈ ವಾದಗಳಲ್ಲಿ ಹಿಂದೆ ಸರಿಯುತ್ತದೆ ಎಂದು. ಇಪ್ಪತ್ತು ಎಲೆ ಮುಚ್ಚಿ ಆಡಿದ್ದಕ್ಕೂ, ಐದು ಎಲೆ ತೆರೆದು ನಾಲ್ಕು ಸುತ್ತು ಪಣ ಕಟ್ಟುವುದಕ್ಕೂ ಒಂದೇ ತೀರ್ಪು ಹೇಗೆ ಹೊಂದೀತು?

ಗೋವೆ ಈ ಚರ್ಚೆಗೇ ಕೈ ಹಾಕಲಿಲ್ಲ. ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಕ್ಕೆ ಅವಕಾಶ ಕೊಟ್ಟಿತು, 1996ರಲ್ಲಿ ಮೇಜಿನ ಆಟಗಳಿಗೆ ಹಡಗಿನ ಮೇಲೆ ಮಾತ್ರ ಒಪ್ಪಿಗೆ ಕೊಟ್ಟಿತು. ಎಲೆ ಹಂಚುವ ಮನುಷ್ಯ ನೀರಿನ ಮೇಲಿರುವುದು ಈ ಕಾರಣಕ್ಕೆ. ಪಕ್ಕದ ಮಹಾರಾಷ್ಟ್ರವೂ ಅದೇ 1976ರಲ್ಲಿ ಕ್ಯಾಸಿನೊ ಕಾಯ್ದೆ ಮಾಡಿತ್ತು. ಅದನ್ನು ಒಂದು ದಿನವೂ ಜಾರಿಗೆ ತರದೆ 2023ರಲ್ಲಿ ರದ್ದು ಮಾಡಿತು. ದುಡ್ಡು ಕಟ್ಟಿ ಮೊಬೈಲಿನಲ್ಲಿ ಆಡುವುದಕ್ಕೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ತಡೆ ಹಾಕಿತು. ಅದು ಕೌಶಲ, ಅದೃಷ್ಟ ಎಂದು ಭೇದ ಮಾಡುವುದಿಲ್ಲ.

ಹೊರಡುವ ಮೊದಲು ಅಣ್ಣನಿಗೆ ಇನ್ನೊಂದು ಮಾತು ಹೇಳಿದ್ದೆ. ಹಡಗಿನ ಪೋಕರ್ ರೂಮಿನಲ್ಲಿ ನೀನು ಆಡುವುದು ಎದುರು ಕೂತ ಜನರ ಜೊತೆ, ಕ್ಯಾಸಿನೊದವರು ಪಣದ ರಾಶಿಯಿಂದ ರೇಕ್ ಎಂದು ಚೂರು ತೆಗೆದುಕೊಂಡು ಸುಮ್ಮನಿರುತ್ತಾರೆ. ಉಳಿದ ಮೇಜುಗಳಲ್ಲಿ ನಿನ್ನ ಎದುರಾಳಿ ಕ್ಯಾಸಿನೊ, ಅಲ್ಲಿನ ನಿಯಮಗಳಲ್ಲೇ ಅದರ ಲಾಭ ಬರೆದಿರುತ್ತದೆ.

ಬೆಳಗಿನ ಜಾವ ಐದಕ್ಕೆ ಬಂದು ಬಾಗಿಲು ತಟ್ಟಿದ. ಕಣ್ಣು ಕೆಂಪು, ಮುಖದಲ್ಲಿ ಮಾತ್ರ ಗೆಲುವು. ಚಹಾ ಕುಡಿಯುತ್ತಾ "ರಾತ್ರಿ ಪೂರಾ ಪೋಕರ್ ಆಡೇನಿ" ಅಂದ.

"ಎದುರಿಗೆ ಎಷ್ಟ್ ಮಂದಿ ಇದ್ರು?"

"ಮಂದಿ ಎಲ್ಲಿ? ಎಲಿ ಹಾಕೋ ಹುಡುಗಿ ಒಬ್ಬಾಕಿ."

"ಎಷ್ಟ್ ಎಲಿ ಕೊಟ್ಳು?"

"ಮೂರು."

ತ್ರೀ ಕಾರ್ಡ್ ಪೋಕರ್. 1994ರಲ್ಲಿ ಡೆರೆಕ್ ವೆಬ್ ಎಂಬಾತ ಆ ಹಳೆಯ ಬ್ರ್ಯಾಗನ್ನೇ ಕ್ಯಾಸಿನೊ ಮೇಜಿಗೆ ಹೊಂದಿಸಿ ಮಾಡಿದ ಆಟ. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಕೈ ಅಡ್ಡ ಹಿಡಿದ. "ಏನೂ ಹೇಳಬ್ಯಾಡ. ಬೋರ್ಡಿನ ಮ್ಯಾಲೆ ಪೋಕರ್ ಅಂತನ ಬರದಿತ್ತು."