ಇಲ್ಲದ್ದರಿಂದ ಬರುವ ರೋಗ

1740ರಲ್ಲಿ ಸ್ಪೇನಿನ ವಿರುದ್ಧ ಕಾದಲು ಪೆಸಿಫಿಕ್ ಸಾಗರದತ್ತ ಹೊರಟ ಜಾರ್ಜ್ ಆನ್ಸನ್ ಅವರ ಬ್ರಿಟಿಷ್ ಹಡಗುಗಳಲ್ಲಿ ಒಬ್ಬ ಮುದಿ ಸೈನಿಕನಿದ್ದ. ಐವತ್ತು ವರ್ಷಗಳ ಹಿಂದೆ ಐರ್ಲೆಂಡಿನ ಬೋಯ್ನ್ ಕದನದಲ್ಲಿ ಅವನಿಗಾಗಿದ್ದ ಗಾಯಗಳು ಎಂದೋ ಮಾಗಿ ಕಲೆಯಾಗಿ ಉಳಿದಿದ್ದವು. ತಿಂಗಳುಗಟ್ಟಲೆ ನೀರಿನ ಮೇಲೆ ಕಳೆದ ಬಳಿಕ ಆ ಗಾಯಗಳು ಮಾಗಿಯೇ ಇರಲಿಲ್ಲವೇನೋ ಎಂಬಂತೆ ಮತ್ತೆ ಬಾಯಿಬಿಟ್ಟವು, ಯಾವಾಗಲೋ ಮುರಿದು ಕೂಡಿಕೊಂಡಿದ್ದ ಮೂಳೆಯೂ ಬಿಟ್ಟುಕೊಂಡಿತು ಎಂದು ಆ ಯಾನದ ವೃತ್ತಾಂತ ದಾಖಲಿಸಿದೆ. ಸುಮಾರು 1,900 ಮಂದಿಯೊಡನೆ ಹೊರಟ ಆ ದಂಡಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಸಾವಿಗೆ ಕಾರಣ ಶತ್ರುವಲ್ಲ, ಸ್ಕರ್ವಿ.

ಮುದುಕನ ಮೈಯಲ್ಲಿ ಆದದ್ದೇನೆಂಬುದನ್ನು ಈಗ ವಿವರಿಸಬಹುದು. ಚರ್ಮ, ಮೂಳೆ, ವಸಡು, ರಕ್ತನಾಳಗಳ ಗೋಡೆ ಇವೆಲ್ಲಕ್ಕೂ ಕಟ್ಟುಹಗ್ಗದಂತಿರುವುದು ಕೊಲ್ಲಾಜೆನ್ ಎಂಬ ಪ್ರೋಟೀನು. ಅದರ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳಬೇಕಾದರೆ ಎರಡು ಮೂರು ಕಿಣ್ವಗಳು ಕೆಲಸ ಮಾಡಬೇಕು, ಆ ಕಿಣ್ವಗಳು ಚುರುಕಾಗಿರಲು ಸಿ ಜೀವಸತ್ವ ಬೇಕು. ಕಲೆ ಎಂಬುದು ಒಮ್ಮೆ ಮುಚ್ಚಿ ಮುಗಿದ ಕೆಲಸವೆಂದು ನಮಗೆ ತೋರುತ್ತದೆಯಾದರೂ ದೇಹ ಅಲ್ಲಿ ಹಳೆಯ ಎಳೆಯನ್ನು ಕಿತ್ತು ಹೊಸದನ್ನು ಹಾಕುವುದನ್ನು ನಿಲ್ಲಿಸಿರುವುದಿಲ್ಲ. ಕೀಳುವ ಕೆಲಸ ನಡೆದು ಹಾಕುವ ಕೆಲಸ ನಿಂತರೆ ಐವತ್ತು ವರ್ಷದ ಗಾಯವೂ ತೆರೆದುಕೊಳ್ಳುತ್ತದೆ. ಹೆಚ್ಚಿನ ಪ್ರಾಣಿಗಳು ಸಿ ಜೀವಸತ್ವವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಮನುಷ್ಯರು, ವಾನರಗಳು, ಗಿನಿಪಿಗ್‌ಗಳು ಮತ್ತು ಇನ್ನು ಕೆಲವು ಜೀವಿಗಳು ಮಾತ್ರ ಆ ಶಕ್ತಿಯನ್ನು ಕಳೆದುಕೊಂಡಿವೆ. 1939ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜಾನ್ ಕ್ರಾಂಡನ್ ಹಣ್ಣು ತರಕಾರಿಗಳನ್ನು ಪೂರ್ತಿ ಬಿಟ್ಟು ತಮ್ಮ ಮೇಲೆಯೇ ಇದನ್ನು ಪರೀಕ್ಷಿಸಿದರು. ಮೂರು ತಿಂಗಳ ಹೊತ್ತಿಗೆ ಬೆನ್ನಿನಲ್ಲಿ ಮಾಡಿಸಿಕೊಂಡ ಗಾಯ ಎಂದಿನಂತೆ ಮಾಗಿತು. ಆರು ತಿಂಗಳಿಗೆ ಮಾಡಿಸಿಕೊಂಡದ್ದು ಸಿ ಜೀವಸತ್ವದ ಚುಚ್ಚುಮದ್ದು ಬೀಳುವವರೆಗೆ ಚರ್ಮದ ಕೆಳಗೆ ಕೂಡಲೇ ಇಲ್ಲ.

ಆನ್ಸನ್ ಯಾನದ ಕೆಲವೇ ವರ್ಷಗಳ ಬಳಿಕ, 1747ರ ಮೇ ತಿಂಗಳಲ್ಲಿ, ಸಾಲ್ಸ್‌ಬರಿ ಎಂಬ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಹನ್ನೆರಡು ಸ್ಕರ್ವಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟರು. ಒಂದು ಜೋಡಿಗೆ ವಿನೆಗರ್, ಇನ್ನೊಂದಕ್ಕೆ ಸಮುದ್ರದ ನೀರು, ಮತ್ತೊಂದಕ್ಕೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಆರು ದಿನಗಳಲ್ಲಿ ಹಣ್ಣು ಮುಗಿದುಹೋಯಿತು. ಅಷ್ಟರಲ್ಲಿ ಆ ಇಬ್ಬರಲ್ಲಿ ಒಬ್ಬ ಕೆಲಸಕ್ಕೆ ಮರಳುವಷ್ಟು ಚೇತರಿಸಿಕೊಂಡಿದ್ದ. ಕಥೆ ಇಲ್ಲಿಗೇ ಮುಗಿಯಬೇಕಿತ್ತು, ಆದರೆ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕ್ರಮವಾಗಿ ಕೊಡಲು ಆರಂಭಿಸಿದ್ದು 1795ರಲ್ಲಿ. ತಡವಾದುದಕ್ಕೆ ಆಡಳಿತವನ್ನಷ್ಟೇ ದೂರಿ ಪ್ರಯೋಜನವಿಲ್ಲ. ಆಹಾರದಲ್ಲಿ ಏನೋ ಇಲ್ಲದಿರುವುದೇ ರೋಗವೆಂದು ಸ್ವತಃ ಲಿಂಡ್ ಭಾವಿಸಿರಲಿಲ್ಲ. ತೇವದ ಹವೆಯಿಂದ ದೇಹದ ಬೆವರು ಕಟ್ಟಿಕೊಳ್ಳುತ್ತದೆ, ಹುಳಿ ಅದನ್ನು ಬಿಡಿಸುತ್ತದೆ ಎಂಬ ಬಗೆಯ ವಿವರಣೆ ಅವರದು. ಕೆಡದೆ ಉಳಿಯಲೆಂದು ರಸವನ್ನು ಬಹಳ ಹೊತ್ತು ಕಾಯಿಸಿ ಗಟ್ಟಿ ಮಾಡುವ ವಿಧಾನವನ್ನೂ ಅವರೇ ಸೂಚಿಸಿದರು. ಹಾಗೆ ಕಾಯಿಸಿದಾಗ ರಸದಲ್ಲಿ ಹುಳಿ ಉಳಿಯುತ್ತದೆ, ಮದ್ದು ಬಹುಮಟ್ಟಿಗೆ ಹೋಗಿಬಿಡುತ್ತದೆ.

ಮುಂದಿನ ಶತಮಾನದಲ್ಲಿ ಸೂಕ್ಷ್ಮಾಣುಗಳು ಪತ್ತೆಯಾಗಿ, ಕ್ಷಯಕ್ಕೂ ಕಾಲರಾಕ್ಕೂ ಒಂದೊಂದು ಜೀವಿ ಕಾರಣವೆಂದು ಗೊತ್ತಾದ ಮೇಲೆ, ಈ ದಿಕ್ಕಿನ ಯೋಚನೆಗೆ ಹಾದಿ ಇನ್ನೂ ಕಿರಿದಾಯಿತು. ರೋಗವಿದೆ ಎಂದರೆ ಅದನ್ನು ಉಂಟುಮಾಡುವ ಏನೋ ಒಂದು ಒಳಹೊಕ್ಕಿರಲೇಬೇಕು. ಇಲ್ಲದ ವಸ್ತುವೊಂದು ಕಾಲನ್ನು ಸೋಲಿಸಿ, ಹೃದಯವನ್ನು ನಿಲ್ಲಿಸಬಲ್ಲದು ಎಂಬುದು ಆ ಕಾಲದ ವೈದ್ಯರಿಗೆ ತರ್ಕಕ್ಕೇ ಒಗ್ಗದ ಮಾತಾಗಿತ್ತು.

ಜಾವಾ ದ್ವೀಪದ ಬಟಾವಿಯಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಹುಡುಕುತ್ತಿದ್ದದ್ದೂ ಕಾಲಿನ ಬಲ ಕುಂದಿಸಿ ಹೃದಯವನ್ನೂ ಸೋಲಿಸುವ ಬೆರಿಬೆರಿ ಎಂಬ ರೋಗದ ಸೂಕ್ಷ್ಮಾಣುವನ್ನೇ. 1889ರಲ್ಲಿ ಪ್ರಯೋಗಾಲಯದ ಕೋಳಿಗಳು ಇದ್ದಕ್ಕಿದ್ದಂತೆ ಕಾಲಿನ ಬಲ ಕಳೆದುಕೊಂಡು ತೂರಾಡತೊಡಗಿದವು. ರೋಗ ತಗುಲಿಸಿದ ಕೋಳಿಗಳಷ್ಟೇ ಅಲ್ಲ, ತಗುಲಿಸದೆ ಬೇರೆ ಇಟ್ಟಿದ್ದವೂ ಬಿದ್ದವು. ಕೆಲವು ತಿಂಗಳ ಬಳಿಕ ಕಾರಣ ತಿಳಿಯುವ ಮೊದಲೇ ಎಲ್ಲವೂ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಕೋಳಿ ನೋಡಿಕೊಳ್ಳುತ್ತಿದ್ದ ಆಳು ಖರ್ಚು ಉಳಿಸಲು ಸೇನಾ ಆಸ್ಪತ್ರೆಯ ಅಡುಗೆಮನೆಯಿಂದ ಮಿಕ್ಕ ಬಿಳಿ ಅನ್ನವನ್ನು ತಂದು ಹಾಕುತ್ತಿದ್ದ, ಹೊಸದಾಗಿ ಬಂದ ಅಡುಗೆಯವನು, ಸೇನೆಯ ಅನ್ನ ಸೇನೆಗೆ ಸೇರದ ಕೋಳಿಗಳಿಗೇಕೆಂದು ನಿಲ್ಲಿಸಿಬಿಟ್ಟ. ಮತ್ತೆ ಅಗ್ಗದ ತೌಡುಳ್ಳ ಅಕ್ಕಿ ತಿಂದ ಕೋಳಿಗಳು ಎದ್ದು ನಿಂತವು. ನಿಯಮ ಹಿಡಿದು ಕೂತ ಅಡುಗೆಯವನೊಬ್ಬನಿಗೆ ವೈದ್ಯಶಾಸ್ತ್ರ ಇಷ್ಟು ಋಣಿಯಾಗಿರುವ ಸಂದರ್ಭ ಇನ್ನೊಂದಿರಲಿಕ್ಕಿಲ್ಲ.

ಆದರೂ ಬಿಳಿ ಅಕ್ಕಿಯಲ್ಲಿ ವಿಷವಿದೆ, ತೌಡಿನಲ್ಲಿ ಅದರ ಪ್ರತಿವಿಷವಿದೆ ಎಂದೇ ಐಕ್ಮನ್ ಬಹುಕಾಲ ವಾದಿಸಿದರು. ತೌಡಿನಲ್ಲಿರುವುದು ಪ್ರತಿವಿಷವಲ್ಲ, ನರಗಳಿಗೆ ಬೇಕಾದ ಪೋಷಕಾಂಶ ಎಂದು 1901ರಲ್ಲಿ ಬರೆದವರು ಅವರ ಸ್ಥಾನಕ್ಕೆ ಬಂದ ಗೆರಿಟ್ ಗ್ರೈನ್ಸ್. ಜಪಾನಿನ ನೌಕಾಪಡೆಯಲ್ಲಿ ವೈದ್ಯ ತಕಾಕಿ ಕಾನೆಹಿರೊ ಇದಕ್ಕೂ ಮೊದಲೇ ಊಟ ಬದಲಿಸಿ ಬೆರಿಬೆರಿಯನ್ನು ಓಡಿಸಿದ್ದರು. 376 ಮಂದಿಯಿದ್ದ ಒಂದು ತರಬೇತಿ ಹಡಗಿನಲ್ಲಿ 169 ಜನರಿಗೆ ರೋಗ ಬಂದು 25 ಮಂದಿ ಸತ್ತಿದ್ದರೆ, ಅದೇ ಹಾದಿಯಲ್ಲಿ 1884ರಲ್ಲಿ ಬೇರೆ ಆಹಾರದೊಂದಿಗೆ ಹೋದ ಹಡಗಿನಲ್ಲಿ ಒಬ್ಬರೂ ಸಾಯಲಿಲ್ಲ. ಕಾರಣ ಪ್ರೋಟೀನಿನ ಕೊರತೆಯೆಂದು ಅವರು ಹೇಳಿದ್ದು ತಪ್ಪಾಗಿತ್ತು, ಮಾಡಿದ್ದು ಸರಿಯಾಗಿತ್ತು. ರೋಗಾಣುವಿನ ಸಿದ್ಧಾಂತಕ್ಕೆ ಅಂಟಿಕೊಂಡ ಜಪಾನಿನ ಭೂಸೇನೆ ಬಿಳಿ ಅನ್ನವನ್ನೇ ಮುಂದುವರಿಸಿ, ರಷ್ಯಾದೊಡನೆ 1904-05ರಲ್ಲಿ ನಡೆದ ಯುದ್ಧದಲ್ಲಿ 20 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಬೆರಿಬೆರಿಗೆ ಕಳೆದುಕೊಂಡಿತು.

ತೌಡಿನ ಆ ವಸ್ತು ಬಿ1, ಅಂದರೆ ಥಯಮಿನ್. ಪಿಷ್ಟವನ್ನು ಸುಟ್ಟು ಶಕ್ತಿಯಾಗಿಸುವ ಹಾದಿಯಲ್ಲಿ ಅದಿಲ್ಲದೆ ದಾಟಲಾಗದ ಗೇಟುಗಳಿವೆ. ಎಡೆಬಿಡದೆ ಶಕ್ತಿ ಬೇಡುವ ನರಗಳೂ ಹೃದಯವೂ ಮೊದಲು ಸೋಲುವುದು ಅದಕ್ಕೇ. 1912ರಲ್ಲಿ ಪೋಲೆಂಡ್ ಮೂಲದ ಕ್ಯಾಸಿಮಿರ್ ಫಂಕ್ ಇಂಥ ವಸ್ತುಗಳೆಲ್ಲ ಅಮೈನ್ ಎಂಬ ಸಾರಜನಕವುಳ್ಳ ರಾಸಾಯನಿಕಗಳ ವರ್ಗದವೆಂದು ಊಹಿಸಿ, ಜೀವಕ್ಕೆ ಅಗತ್ಯವಾದ ಅಮೈನ್ ಎಂಬರ್ಥದಲ್ಲಿ 'ವಿಟಮೈನ್' ಎಂದು ಹೆಸರಿಟ್ಟರು. ಊಹೆ ಸುಳ್ಳಾದ ಮೇಲೆ, 1920ರಲ್ಲಿ, ಹೆಸರಿನ ಬಾಲವನ್ನು ಕತ್ತರಿಸಿ ವಿಟಮಿನ್ ಎಂದು ಉಳಿಸಿಕೊಳ್ಳಲಾಯಿತು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಬ್ಬಿದ ಪೆಲಾಗ್ರಾ ಇನ್ನೂ ಕಹಿಯಾದ ಪ್ರಸಂಗ. ಬಿಸಿಲು ತಾಗುವಲ್ಲೆಲ್ಲ ಚರ್ಮ ಸುಲಿದು, ಭೇದಿ ಹತ್ತಿ, ಕೊನೆಗೆ ಬುದ್ಧಿ ಕೆಡುವ ಈ ಕಾಯಿಲೆ ಅನಾಥಾಲಯ, ಮಾನಸಿಕ ಆಸ್ಪತ್ರೆಗಳ ನಿವಾಸಿಗಳಿಗೆ ಬರುತ್ತದೆ, ಅಲ್ಲೇ ಇರುವ ನೌಕರರಿಗೆ ಬರುವುದಿಲ್ಲ ಎಂಬುದನ್ನು 1914ರಲ್ಲಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಗಮನಿಸಿದರು. ಅಂಟುರೋಗ ಹೀಗೆ ಸಂಬಳ ನೋಡಿ ಬರುವುದಿಲ್ಲ. ಇಷ್ಟಾದರೂ ಒಪ್ಪದವರಿಗಾಗಿ ಅವರೂ ಅವರ ಸಹೋದ್ಯೋಗಿಗಳೂ 1916ರಲ್ಲಿ ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು, ಉದುರಿದ ಚರ್ಮದ ಹೊಪ್ಪಳೆಗಳನ್ನು ನುಂಗಿದರು; ಯಾರಿಗೂ ಪೆಲಾಗ್ರಾ ಬರಲಿಲ್ಲ. ಬಡವರ ಊಟ ಮೆಕ್ಕೆಜೋಳದ ಹಿಟ್ಟಿಗೆ ಇಳಿದದ್ದೇ ಕಾರಣವೆಂದರೆ ಬಡತನದ ಮಾತು ಬರುತ್ತದೆ, ಅದು ಅಲ್ಲಿನ ಮುಖಂಡರಿಗೆ ರುಚಿಸಲಿಲ್ಲ. ಕೊರತೆಯಿದ್ದದ್ದು ನಯಾಸಿನ್, ಅಂದರೆ ಬಿ3 ಜೀವಸತ್ವ ಎಂದು 1937ರಲ್ಲಿ ಗೊತ್ತಾಗುವ ಹೊತ್ತಿಗೆ ಗೋಲ್ಡ್‌ಬರ್ಗರ್ ತೀರಿಕೊಂಡು ಎಂಟು ವರ್ಷವಾಗಿತ್ತು. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ದೇಹಕ್ಕೆ ದಕ್ಕದಂತೆ ಬಂಧಿಸಿಕೊಂಡಿರುತ್ತದೆ. ಆ ಬೆಳೆಯನ್ನು ಮೊದಲು ಪಳಗಿಸಿದ ಮಧ್ಯ ಅಮೆರಿಕದ ಜನ ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಆ ಬಂಧ ಬಿಡಿಸುತ್ತಿದ್ದರು. ಕೊಂಡೊಯ್ದವರು ಬೀಜವನ್ನು ಒಯ್ದರು, ಸುಣ್ಣವನ್ನು ಬಿಟ್ಟರು.

ಇಂದು ಲೆಕ್ಕಕ್ಕೆ ಸಿಗುವ ಜೀವಸತ್ವಗಳು ಹದಿಮೂರು. ಎ ಕಡಿಮೆಯಾದರೆ ಅಕ್ಷಿಪಟಲದಲ್ಲಿ ಮಸುಕು ಬೆಳಕನ್ನು ಹಿಡಿಯುವ ವರ್ಣದ್ರವ್ಯ ತಯಾರಾಗದೆ ಇರುಳುಗುರುಡು ಬರುತ್ತದೆ. ಡಿ ಸಾಲದಿದ್ದರೆ ಕ್ಯಾಲ್ಸಿಯಂ ಒಳಸೇರದೆ ಮಕ್ಕಳ ಎಲುಬು ಬಾಗುತ್ತದೆ. ಕೆ ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಕೊರತೆ ಎಷ್ಟು ಬೇಗ ಕಾಣಿಸುತ್ತದೆ ಎಂಬುದು ದೇಹದ ದಾಸ್ತಾನಿನ ಮೇಲೆ ನಿಂತಿದೆ. ಥಯಮಿನ್ ದಾಸ್ತಾನು ಕೆಲವೇ ವಾರಗಳಲ್ಲಿ ಬರಿದಾಗುತ್ತದೆ, ಯಕೃತ್ತಿನಲ್ಲಿರುವ ಬಿ12 ವರ್ಷಗಳವರೆಗೆ ನಡೆಯುತ್ತದೆ. ಹೀಗಾಗಿ ಬಿ12 ಕೊರತೆಯಿಂದ ಪಾದ ಜೋಮು ಹಿಡಿಯುವ ಹೊತ್ತಿಗೆ, ಅದು ಶುರುವಾದದ್ದು ಯಾವಾಗಲೆಂಬುದು ರೋಗಿಗೆ ನೆನಪಿರುವುದಿಲ್ಲ. ಜಠರದ ಒಳಪದರ ಸ್ರವಿಸುವ ಒಂದು ಪ್ರೋಟೀನು ಜೊತೆಗೂಡದಿದ್ದರೆ ಬಿ12 ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರದು, ಆದ್ದರಿಂದ ಚೆನ್ನಾಗಿ ಉಣ್ಣುವವರಿಗೂ ಈ ಕೊರತೆ ಬರಬಹುದು. ಇಂಥವರಿಗೆ ಇನ್ನೊಂದು ಬಿ ಜೀವಸತ್ವವಾದ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ಕೊರತೆಯಿಂದ ಬಂದ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಮರೆಯಲ್ಲಿ ಮುಂದುವರಿಯುತ್ತದೆ.

2003ರಲ್ಲಿ ಇಸ್ರೇಲಿನಲ್ಲಿ ಕೆಲವು ಎಳೆಯ ಶಿಶುಗಳು ವಾಂತಿ, ಮಂಕು, ಕಣ್ಣಿನ ಚಲನೆಯ ತೊಂದರೆಗಳೊಂದಿಗೆ ಆಸ್ಪತ್ರೆ ಸೇರಿದವು. ಕೆಲವು ಸತ್ತವು, ಉಳಿದ ಕೆಲವು ಶಾಶ್ವತ ಹಾನಿಯೊಂದಿಗೆ ಬೆಳೆದವು. ಎಲ್ಲ ಶಿಶುಗಳೂ ಕುಡಿದಿದ್ದದ್ದು ಒಂದೇ ಬಗೆಯ ಸೋಯಾ ಹಾಲಿನ ಪುಡಿ. ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಥಯಮಿನ್ ಇತ್ತು, ಒಳಗಿನ ಪುಡಿಯಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ.